ಹೇಳಿ ಬಡಿಯುವ ರೊಟ್ಟಿ

ಉಳವಪ್ಪನದು ಅಲಿಪ್ತ ನೀತಿ. ನ್ಯೂರೆಂಬರ್ಗಿನ ಆ ಹಳೆಯ ಕಟ್ಟಡದ ಎರಡನೇ ಮಹಡಿಗೆ ಹೆಂಡತಿ ಸೌಭಾಗ್ಯ, ಮಗಳು ಪವಿಯೊಂದಿಗೆ ಬಂದು ಸೇರಿದ ದಿನವೇ ಅದನ್ನು ಘೋಷಿಸಿಬಿಟ್ಟಿದ್ದ. ಯಾರ ಸುದ್ದಿಗೂ ಹೋಗಬಾರದು, ಯಾರ ಕಣ್ಣಿಗೂ ಬೀಳಬಾರದು, ಮನೆಯೊಳಗೆ ಕಾಲುಚೀಲ ಹಾಕಿಕೊಂಡೇ ಓಡಾಡಬೇಕು, ಮೆಟ್ಟಿಲ ಮೇಲೆ ಯಾರಾದರೂ ಎದುರಾದರೆ ‘ಗ್ರೂಸ್ ಗಾಟ್’ ಎಂದು ನಮಸ್ಕಾರ ಹೇಳಿ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕು. ಧಾರವಾಡದ ಕಡೆಯ ಗಂಟಲಿಗೆ ಪಿಸುಮಾತು ಒಗ್ಗುವಂಥದ್ದಲ್ಲ. ಆದರೂ ಆ ಮನೆಯಲ್ಲಿ ಉಪ್ಪು ಬೇಕಾದರೂ ಗುಟ್ಟು ಹೇಳುವ ಧಾಟಿಯಲ್ಲೇ ಕೇಳುತ್ತಿದ್ದರು.

ಭಯಕ್ಕೆ ಕಾರಣವಿತ್ತು. ಕಂಪ್ಯೂಟರ್ ಬಲ್ಲವರು ಬನ್ನಿ ಬನ್ನಿ ಎಂದು ಜರ್ಮನ್ ಸರ್ಕಾರ ಗ್ರೀನ್ ಕಾರ್ಡ್ ಕೊಟ್ಟು ಕರೆದಿತ್ತು. ಬಂದವರು ಎಲ್ಲಿ ಮಲಗಬೇಕು ಅನ್ನುವುದನ್ನು ಮಾತ್ರ ಹೇಳಿರಲಿಲ್ಲ. ಫೋನಿನಲ್ಲಿ ಉಳವಪ್ಪನ ಜರ್ಮನ್ ಕೇಳಿದ್ದೇ ತಡ, ಊರಿನ ಖಾಲಿ ಮನೆಗಳೆಲ್ಲ ಆ ಕ್ಷಣಕ್ಕೇ ತುಂಬಿಹೋಗುತ್ತಿದ್ದವು. ಒಂದು ಋತು ಪೂರ್ತಿ ಕಂಪನಿಯ ಗೆಸ್ಟ್ ಹೌಸಿನಲ್ಲಿ ಸೂಟ್‌ಕೇಸುಗಳ ನಡುವೆ ಕಳೆದ ಮೇಲೆ ಹೆರ್ ಡೋರ್ನ್ ಎಂಬ ಮಾಲೀಕರು ಈ ಮನೆ ಕೊಟ್ಟರು. ಅದೂ ಒಂದು ವರ್ಷದ ಕರಾರಿಗೆ. “ಫೆಬ್ರುವರಿಯಲ್ಲಿ ನೋಡೋಣ. ನಿಮ್ಮ ಕೆಳಗೆ ಫ್ರಾವ್ ಲೋಹ್ನರ್ ಇದ್ದಾರೆ. ಅವರಿಗೆ ತೊಂದರೆ ಇಲ್ಲವೆಂದರೆ ನನಗೂ ಇಲ್ಲ” ಎಂದಿದ್ದರು.

ಅಲ್ಲಿಗೆ ಉಳವಪ್ಪನ ಸಂಸಾರದ ಸೂರು ಎಪ್ಪತ್ತರ ಒಬ್ಬ ಒಂಟಿ ಹೆಂಗಸಿನ ಕಿವಿಯ ಮೇಲೆ ನಿಂತಿತು. ಆಕೆಯ ಕಿವಿಯೋ, ಜರ್ಮನಿಯ ಕಿವಿ. ಸದ್ದಿಲ್ಲದಿರುವುದಕ್ಕೆ ಇಲ್ಲಿ ‘ರುಹೆ’ ಅನ್ನುತ್ತಾರೆ. ಅದರ ಮೇಲೆ ಇವರಿಗೆ ಎಷ್ಟು ಪ್ರೀತಿ ಅಂದರೆ ಕಾರ್ಲ್ಸ್‌ರುಹೆ ಎಂದು ಒಂದು ಊರಿನ ಹೆಸರಿನಲ್ಲೇ ಅದನ್ನು ಕೂರಿಸಿದ್ದಾರೆ. ಭಾನುವಾರವಂತೂ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ವ್ಯಾಕ್ಯೂಮ್ ಹಚ್ಚುವಂತಿಲ್ಲ, ಖಾಲಿ ಬಾಟಲಿಯನ್ನು ಬೀದಿಯ ಡಬ್ಬಕ್ಕೆ ಹಾಕುವಂತಿಲ್ಲ. ದೇವರು ವಿಶ್ರಾಂತಿ ತೆಗೆದುಕೊಂಡ ದಿನವಂತೆ. ಎದ್ದುಬಿಟ್ಟಾನು ಎಂಬ ಹೆದರಿಕೆ ಇರಬೇಕು.

ಈ ನೀತಿಗೆ ಮೊದಲು ಬಲಿಯಾದದ್ದು ಜೋಳದ ರೊಟ್ಟಿ. ರೊಟ್ಟಿಯನ್ನು ಬಡಿಯಬೇಕು. ಬಡಿದರೆ ಸದ್ದಾಗುತ್ತದೆ. ಆದ್ದರಿಂದ ಸೌಭಾಗ್ಯ ಬಂದಾಗಿನಿಂದ ಚಪಾತಿ ಲಟ್ಟಿಸುತ್ತಿದ್ದಳು, ಉಳವಪ್ಪ ಬಂದಾಗಿನಿಂದ ಅದನ್ನು ತಿಂದು ಚೆನ್ನಾಗಿದೆ ಅನ್ನುತ್ತಿದ್ದ. ಇಬ್ಬರೂ ಸುಳ್ಳು ಹೇಳಿ ಸುಖವಾಗಿದ್ದರು.

ಹೀಗಿರುವಾಗ ನವೆಂಬರಿನ ಕೊನೆಗೆ ಉಳವಪ್ಪನ ತಾಯಿ ಗುರವ್ವ ಎರಡು ತಿಂಗಳ ವೀಸಾದ ಮೇಲೆ ಬಂದಿಳಿದಳು. ಒಂದು ಸೂಟ್‌ಕೇಸಿನಲ್ಲಿ ಸೀರೆ, ಇನ್ನೊಂದರಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಹಳೆಯ ಟವೆಲಿನಲ್ಲಿ ಸುತ್ತಿದ ಕಬ್ಬಿಣದ ಹಂಚು ಮತ್ತು ರೊಟ್ಟಿ ಬಡಿಯುವ ಮರದ ಹಲಗೆ. ಮೊದಲ ದಿನ ಚಪಾತಿ ತಿಂದು ಕೈ ತೊಳೆದಳು. ಎರಡನೇ ದಿನ ಸೊಸೆಯ ಮುಖ ನೋಡಿದಳು. ಮೂರನೇ ದಿನ ಬಾಯಿಬಿಟ್ಟಳು.

“ಇಲ್ಲೆ ಜೋಳದ ರೊಟ್ಟಿ ಮಾಡಿದ್ರ ಪೊಲೀಸರು ಹಿಡೀತಾರೇನು?”

“ಅವ್ವಾ, ಸಾವಕಾಶ ಮಾತಾಡು,” ಎಂದ ಉಳವಪ್ಪ. “ಕೆಳಗ ಕೇಳಸ್ತೈತಿ.”

“ಕೇಳ್ಲಿ ಬಿಡು. ಆಕಿಗೇನು ಕನ್ನಡ ತಿಳೀತೈತಿ?”

ಉಳವಪ್ಪ ಎದ್ದು ಬಾಗಿಲು ಮುಂದೆ ಮಾಡಿದ. ಕರಾರು, ಫೆಬ್ರುವರಿ, ಫ್ರಾವ್ ಲೋಹ್ನರ್, ಎಲ್ಲವನ್ನೂ ತಾಯಿಗೆ ವಿವರಿಸಿದ. ಗುರವ್ವ ಪೂರ್ತಿ ಕೇಳಿದಳು. “ವರ್ಷ ಆಗಾಕ ಬಂತು, ಆಕಿಗೆ ಏನು ತ್ರಾಸ ಆಕ್ಕೈತಿ ಅಂತ ಕೇಳಿಯೇನು?” ಎಂದಳು. ಕೇಳಿರಲಿಲ್ಲ. ಕೇಳುವುದು ಅಲಿಪ್ತ ನೀತಿಯಲ್ಲಿ ಬರುವುದಿಲ್ಲ.

ಅದೇ ವಾರ ಪವಿಗೆ ಶಾಲೆಯಲ್ಲಿ ಒಂದು ರೆಫೆರಾಟ್ ಕೊಟ್ಟರು. ಅಂದರೆ ಇಡೀ ಕ್ಲಾಸಿನ ಎದುರು ನಿಂತು ಒಂದು ವಿಷಯದ ಮೇಲೆ ಮಾತಾಡಬೇಕು. ವಿಷಯ, ಪರ್ಲ್ ಹಾರ್ಬರ್ ದಾಳಿಯಿಂದ ಅಮೆರಿಕ ಮಹಾಯುದ್ಧಕ್ಕೆ ಇಳಿದದ್ದು ಹೇಗೆ ಎಂಬುದು. ದಾಳಿಗೆ ಆ ಡಿಸೆಂಬರಿಗೆ ಅರವತ್ತು ತುಂಬುತ್ತಿತ್ತು. ಅದಲ್ಲದೆ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಜೋಡಿ ಗೋಪುರ ಬಿದ್ದ ಮೇಲೆ ಟಿ.ವಿ.ಯಲ್ಲಿ ಕೂತ ಪಂಡಿತರು ಪರ್ಲ್ ಹಾರ್ಬರಿನ ಹೆಸರೆತ್ತದೆ ನೀರು ಕುಡಿಯುತ್ತಿರಲಿಲ್ಲ. ಅಲ್ಲಿ ಬಿದ್ದ ಗೋಪುರಕ್ಕೆ ಇಲ್ಲಿಂದ ಅಫ್ಘಾನಿಸ್ತಾನಕ್ಕೆ ಸೈನಿಕರನ್ನು ಕಳಿಸುವುದೋ ಬೇಡವೋ ಎಂದು ಜರ್ಮನಿಯವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಕಳಿಸುವುದೆಂದು ಆಗಷ್ಟೇ ತೀರ್ಮಾನಿಸಿದ್ದರು.

ಉಳವಪ್ಪ ಆಫೀಸಿನ ಇಂಟರ್ನೆಟ್ಟಿನಲ್ಲಿ ಎಲ್ಲ ಓದಿಕೊಂಡು ಬಂದು ಊಟದ ಹೊತ್ತಿಗೆ ಮಗಳಿಗೆ ಪಾಠ ಶುರುಮಾಡಿದ.

“ನೋಡು ಪವಿ, ಅಮೆರಿಕಾದವರು ನಮ್ಮಂಗ ಇದ್ರು. ಯಾರ ಗೊಡವಿಗೂ ಹೋಗತಿರಲಿಲ್ಲ.”

“ಅಪ್ಪಾ, ಅವ್ರು ಇಂಗ್ಲೆಂಡಿಗೆ ವೆಪನ್ಸ್ ಕೊಡ್ತಿದ್ರು, ಜಪಾನಿಗೆ ಆಯಿಲ್ ಸ್ಟಾಪ್ ಮಾಡಿದ್ರು. ಅದು ನೊಯ್ಟ್ರಾಲ್ ಅಲ್ಲ, ಅಲಿಪ್ತ ಅಲ್ಲ,” ಎಂದಳು ಪವಿ. ಹದಿಮೂರರ ಹುಡುಗಿ. ವರ್ಷದಲ್ಲಿ ಅವಳ ಜರ್ಮನ್ ಎಷ್ಟು ಸುಧಾರಿಸಿತ್ತೆಂದರೆ ಅಪ್ಪನ ತಪ್ಪುಗಳಿಗೆ ಅವಳು ಈಗ ನಗುವುದನ್ನೂ ಬಿಟ್ಟಿದ್ದಳು. ಉಳವಪ್ಪನಿಗೆ ಅದೇ ಹೆಚ್ಚು ಚುಚ್ಚುತ್ತಿತ್ತು.

ಅವನು ಕೇಳಿಸದವನಂತೆ ಮುಂದುವರಿದ. ಭಾನುವಾರ ಬೆಳಿಗ್ಗೆ, ಊರು ಇನ್ನೂ ಹಾಸಿಗೆಯಲ್ಲಿದ್ದಾಗ ಜಪಾನಿನ ವಿಮಾನಗಳು ಬಂದವು. ರೇಡಾರಿನಲ್ಲಿ ಕಂಡಿದ್ದವು. ಕಂಡ ಹುಡುಗ ಮೇಲಿನವನಿಗೆ ಹೇಳಿಯೂ ಇದ್ದ. ಮೇಲಿನವನು, ನಮ್ಮವೇ ಇರಬೇಕು, ತಲೆ ಕೆಡಿಸಿಕೊಳ್ಳಬೇಡ ಅಂದ. ಇನ್ನೂ ಒಂದು ತಮಾಷೆ ಇದೆ. ಮಾತುಕತೆ ಮುಗಿಯಿತು ಎಂಬ ಪತ್ರವನ್ನು ದಾಳಿಗೆ ಮೊದಲೇ ಕೊಡಬೇಕೆಂದು ಜಪಾನಿನವರ ಲೆಕ್ಕ. ಆದರೆ ವಾಷಿಂಗ್ಟನ್ನಿನ ಅವರ ಕಚೇರಿಯಲ್ಲಿ ಅದನ್ನು ಟೈಪು ಮಾಡಿ, ತಿದ್ದಿ, ಮತ್ತೆ ಟೈಪು ಮಾಡುವಷ್ಟರಲ್ಲಿ ಅತ್ತ ಹಡಗುಗಳು ಉರಿಯುತ್ತಿದ್ದವು.

ಗುರವ್ವ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು. “ಐತವಾರ ಮುಂಜಾನಿ, ಮಂದಿ ಮಲಗಿದ್ದಾಗ?” ಎಂದಳು. “ಹೇಳಿ ಹೊಡೀಬೇಕಿತ್ತು. ಹೇಳಿ ಹೊಡದ್ರ ಅದು ಜಗಳ. ಹೇಳದ ಹೊಡದ್ರ ಕಳವು.” ತುತ್ತನ್ನು ನುಂಗಿ, “ಅದು ಇರ್ಲಿ. ಈ ಐತವಾರ ನಾ ರೊಟ್ಟಿ ಬಡ್ಯಾಕಿನ,” ಎಂದಳು.

ಉಳವಪ್ಪನ ನಾಲಿಗೆಯಲ್ಲಿ ನೀರೂರಿತು, ತಲೆಯಲ್ಲಿ ಫೆಬ್ರುವರಿ ಬಂದು ನಿಂತಿತು. ಕೊನೆಗೆ ನಾಲಿಗೆ ಗೆದ್ದಿತು. ಆದರೆ ಎಲ್ಲವೂ ಕಾನೂನು ಪ್ರಕಾರ ಆಗಬೇಕಲ್ಲ. ಈ ದೇಶದಲ್ಲಿ ಮನೆಯಲ್ಲಿ ಗದ್ದಲವಾಗುವುದಿದ್ದರೆ ಮೊದಲೇ ಒಂದು ಚೀಟಿ ಬರೆದು ಮೆಟ್ಟಿಲ ಬಳಿ ಅಂಟಿಸುತ್ತಾರೆ: ಪ್ರಿಯ ನೆರೆಹೊರೆಯವರೇ, ಇಂಥ ದಿನ ನಮ್ಮಲ್ಲಿ ಇಂಥದ್ದು, ದಯವಿಟ್ಟು ಸಹಕರಿಸಿ. ಉಳವಪ್ಪ ಚೀಟಿ ಬರೆಯಲು ಕೂತ. ಮೆಟ್ಟಿಲು ಇಳಿದು ಹೋಗಿ ಕೆಳಗಿನ ಬೆಲ್ಲು ಒತ್ತಿ ಹೇಳಿಬಿಟ್ಟಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಮಾತಾಡಿದರೆ ವ್ಯಾಕರಣ ತಪ್ಪುತ್ತದೆ, ಬರೆದರೆ ತಿದ್ದಬಹುದು ಎಂಬುದು ಅವನ ವಾದ.

ತಿದ್ದಿದ, ತಿದ್ದಿದ, ಶನಿವಾರ ಇಡೀ ತಿದ್ದಿದ. ಬಡಿಯುವುದಕ್ಕೆ ಜರ್ಮನ್ ಏನು? ಮಗಳನ್ನು ಕೇಳಬಹುದಿತ್ತು. ಪಕ್ಕದ ಕೋಣೆಯಲ್ಲೇ ಇದ್ದಳು. ಆದರೆ ಇಡೀ ಮಹಾಯುದ್ಧವನ್ನು ಕಲಿಸಿದ ಅಪ್ಪ ಒಂದು ಕ್ರಿಯಾಪದಕ್ಕಾಗಿ ಕೈ ಒಡ್ಡುವುದು ಹೇಗೆ? ಮೈಸೂರಿನ ಸಹೋದ್ಯೋಗಿ ಸ್ವರೂಪನಿಗೆ ಫೋನು ಹಚ್ಚಿದ.

“ಗುರು, ಶ್ಲಾಗನ್ ಹಾಕಿಬಿಡಿ,” ಎಂದ ಸ್ವರೂಪ ಆಕಳಿಸುತ್ತ. “ಕೇಕ್ ಮೇಲೆ ಹಾಕ್ತಾರಲ್ಲ ಬಡಿದ ಕೆನೆ, ಅದಕ್ಕೆ ಶ್ಲಾಗ್‌ಸಾನೆ ಅಂತಾರೆ. ಸೇಮ್ ವರ್ಡು. ಆರಾಮಾಗಿ ನಡೆಯತ್ತೆ.”

ಕ್ರಿಯಾಪದ ಸಿಕ್ಕಿತು. ನಾಮಪದ ಕೈಕೊಟ್ಟಿತು. ರೊಟ್ಟಿಗೆ ಬ್ರೆಡ್ಡು ಅಂದರೆ ಅಪಚಾರ, ರೊಟ್ಟಿ ಎಂದೇ ಬರೆದರೆ ಜರ್ಮನ್ ವ್ಯಾಕರಣಕ್ಕೆ ಅದು ಗಂಡೋ ಹೆಣ್ಣೋ ನಪುಂಸಕವೋ ಯಾರು ತೀರ್ಮಾನಿಸುವವರು? ಉಳವಪ್ಪ ಕಾರಿನ ಬ್ರೇಕುಗಳಿಗೆ ಸಾಫ್ಟ್‌ವೇರ್ ಬರೆಯುವವನು. ಖಾತ್ರಿಯಿಲ್ಲದ ಭಾಗವನ್ನು ಕಿತ್ತುಹಾಕಿ ಉಳಿದದ್ದನ್ನು ಕಳಿಸುವುದು ಅವನ ವೃತ್ತಿಧರ್ಮ. ನಾಮಪದವನ್ನು ಕಿತ್ತುಹಾಕಿದ. ಒಪ್ಪವಾಗಿ ಬರೆದ ಪ್ರತಿ ಬೆಳಿಗ್ಗೆ ಅಂಟಿಸಿದರಾಯಿತೆಂದು ಮಲಗಿದ.

ಭಾನುವಾರ ನಸುಕಿನಲ್ಲಿ ಸೌಭಾಗ್ಯ ಅವನನ್ನು ಅಲುಗಿಸಿದಳು. “ರೀ, ಅಡಗಿಮನ್ಯಾಗ ಏನೋ ಸಪ್ಪಳಾತು. ಅತ್ತಿ ಎದ್ದಂಗೈತಿ.”

“ಬಚ್ಚಲಕ್ಕ ಎದ್ದಿರಬೇಕು. ಮಲಗು,” ಎಂದ ಉಳವಪ್ಪ, ಹೊದಿಕೆ ಎಳೆದುಕೊಂಡು.

ಗುರವ್ವ ಊರಿನಲ್ಲಿ ಏಳುವ ಹೊತ್ತಿಗೇ ಎದ್ದಿದ್ದಳು. ಕುದಿಯುವ ನೀರಿಗೆ ಹಿಟ್ಟು ಹಾಕಿ ನಾದಿದ್ದಳು. ಅಡುಗೆಕಟ್ಟೆ ಎತ್ತರವಾಯಿತೆಂದು ಹಲಗೆಯನ್ನು ನೆಲಕ್ಕಿಟ್ಟು, ಸೆರಗು ಸಿಕ್ಕಿಸಿ, ಕಾಲು ಮಡಚಿ ಕೂತಳು. ಎದುರಿನ ಚರ್ಚಿನ ಗಂಟೆ ಇನ್ನೂ ಬಾಯಿಬಿಟ್ಟಿರಲಿಲ್ಲ. ಮೊದಲ ರೊಟ್ಟಿ ಬಿತ್ತು.

ದಪ್ ದಪ್ ದಪ್ ದಪ್. ಕ್ರಿಸ್‌ಮಸ್ಸಿಗೆ ಮೊದಲು ಬರುವ ಅಡವೆಂಟಿನ ಮೊದಲ ಭಾನುವಾರ, ಇಡೀ ಊರು ಮೇಣದಬತ್ತಿ ಹಚ್ಚಿ ಮೌನವಾಗಿರಬೇಕಾದ ದಿನ. ನೆಲ ಎಂದರೆ ಕೆಳಗಿನವರ ಮಾಳಿಗೆ. ಆ ಹಳೆಯ ಮರದ ತೊಲೆಗಳು ಗುರವ್ವನ ಅಂಗೈಯ ಪ್ರತಿ ಪೆಟ್ಟನ್ನೂ ದುಪ್ಪಟ್ಟು ಮಾಡಿ ಕೆಳಗೆ ಕಳಿಸಿದವು. ಉಳವಪ್ಪ ಹಾಸಿಗೆಯಿಂದ ಹಾರಿದ. ತಾಯಿಯನ್ನು ತಡೆಯುವುದೋ, ಚೀಟಿ ಅಂಟಿಸುವುದೋ? ಬುದ್ಧಿವಂತ, ಚೀಟಿ ಹಿಡಿದು ಮೆಟ್ಟಿಲಿಗೆ ಓಡಿದ. ಟೇಪು ಹುಡುಕಿ, ಹರಿದು, ನಾಲ್ಕು ಮೂಲೆಗೂ ಸಮವಾಗಿ ಅಂಟಿಸಿ ಹಿಂದಿರುಗುವಾಗ ಐದನೇ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು.

ಪವಿ ಬಾಗಿಲಲ್ಲಿ ನಿಂತು ಕಣ್ಣುಜ್ಜುತ್ತ, “ಅಪ್ಪಾ, ಎಕ್ಸಾಕ್ಟ್ಲಿ ಜಪಾನ್ ಎಂಬೆಸಿ,” ಎಂದಳು.

ಸ್ವಲ್ಪ ಹೊತ್ತಿಗೇ ಬೆಲ್ಲಾಯಿತು. ಒಬ್ಬ ಪೊಲೀಸು, ಒಬ್ಬಳು ಪೊಲೀಸು. ನೆಲಮಹಡಿಯ ಹೆರ್ ಝೈಡ್ಲರ್ ಕರೆಸಿದ್ದರು. ಪೊಲೀಸನ ಕೈಯಲ್ಲಿ ಉಳವಪ್ಪನದೇ ಚೀಟಿ, ನಾಲ್ಕು ಮೂಲೆಯ ಟೇಪಿನ ಸಮೇತ. ಅವನು ಅದನ್ನು ಗಂಭೀರವಾಗಿ ಓದಿದ. “ಪ್ರಿಯ ನೆರೆಹೊರೆಯವರೇ. ಭಾನುವಾರ ಬೆಳಿಗ್ಗೆ ನನ್ನ ತಾಯಿ ಹೊಡೆಯುತ್ತಾರೆ. ಇದು ನಮ್ಮ ಸಂಪ್ರದಾಯ. ನನ್ನ ಹೆಂಡತಿಯೂ ಮಗಳೂ ಅಭ್ಯಾಸ ಮಾಡಿಕೊಳ್ಳುತ್ತಾರೆ. ತಮ್ಮ ತಿಳುವಳಿಕೆಗೆ ಮುಂಚಿತವಾಗಿ ಧನ್ಯವಾದಗಳು.”

ಪೊಲೀಸಮ್ಮ ಸೌಭಾಗ್ಯಳನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, ಇದು ನಿಜವೇ, ನಿಮ್ಮ ಅತ್ತೆ ಹೊಡೆಯುತ್ತಾರೆಯೇ ಎಂದು ಕೇಳಿದಳು. ಸೌಭಾಗ್ಯ ಫೋಲ್ಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಾಲೆಯ ಸಂಜೆ ತರಗತಿಯಲ್ಲಿ ಜರ್ಮನ್ ಕಲಿಯುತ್ತಿದ್ದವಳು. ಪೂರ್ಣ ವಾಕ್ಯದಲ್ಲಿ ಉತ್ತರಿಸಬೇಕೆಂದು ಅಲ್ಲಿ ಹೇಳಿಕೊಟ್ಟಿದ್ದರು. “ಹೌದು, ನನ್ನ ಅತ್ತೆ ಬಹಳ ಚೆನ್ನಾಗಿ ಹೊಡೆಯುತ್ತಾರೆ. ನಾನು ಅಷ್ಟು ಚೆನ್ನಾಗಿ ಹೊಡೆಯುವುದಿಲ್ಲ,” ಎಂದಳು.

ಪವಿ ನಗುತ್ತ ನೆಲಕ್ಕೆ ಕುಸಿದಳು. ಆಮೇಲೆ ಎದ್ದು ಪೊಲೀಸರನ್ನು ಅಡುಗೆಮನೆಗೆ ಕರೆದೊಯ್ದು ಹೊಡೆತ ತಿಂದವರನ್ನು ತೋರಿಸಿದಳು. ಅವರು ಬುಟ್ಟಿಯಲ್ಲಿ ಒಂದರ ಮೇಲೊಂದು ಬಿಸಿಯಾಗಿ ಮಲಗಿದ್ದರು. ಗುರವ್ವ ಪೊಲೀಸರಿಗೂ ಒಂದೊಂದು ರೊಟ್ಟಿ, ಚಟ್ನಿಪುಡಿ, ಮೊಸರು ಹಾಕಿ ಕೊಟ್ಟಳು. ಪೊಲೀಸ ಚಟ್ನಿಪುಡಿಯ ಮೇಲೆ ಧೈರ್ಯ ತೋರಿಸಲು ಹೋಗಿ ಎರಡು ಲೋಟ ನೀರು ಕುಡಿದ. “ಶ್ಲಾಗನ್ ಅಂದರೆ ಮನುಷ್ಯರನ್ನು ಹೊಡೆಯುವುದು. ಇದಕ್ಕೆ ಕ್ಲಾಪ್ಫನ್ ಅನ್ನಬೇಕು. ನಾವು ಶ್ನಿಟ್ಸೆಲ್ಲಿಗೆ ಮಾಂಸ ಬಡಿಯುವುದಕ್ಕೆ ಹಾಗೇ ಹೇಳುವುದು,” ಎಂದು ಕಣ್ಣೀರು ಒರೆಸಿಕೊಂಡ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಮಹಾಯುದ್ಧ ಶುರುವಾಗಿತ್ತು. ರೊಟ್ಟಿ ಯಾರಿಗೂ ನೆನಪಿರಲಿಲ್ಲ. ಭಾನುವಾರ ಹೊಡೆಯಬಹುದಾದರೆ ನಾನೂ ಡ್ರಮ್ ಬಾರಿಸುತ್ತೇನೆ ಎಂದು ಮೂರನೇ ಮಹಡಿಯ ಸಂಗೀತದ ವಿದ್ಯಾರ್ಥಿ ಮೆಟ್ಟಿಲಿಂದ ಕೂಗಿದ. ಮೊದಲು ನಿನ್ನ ಸೈಕಲ್ಲನ್ನು ನನ್ನ ಬಾಗಿಲಿನಿಂದ ತೆಗೆ ಎಂದು ಝೈಡ್ಲರ್ ಕೆಳಗಿಂದ ಕೂಗಿದರು. ಬಟ್ಟೆ ಒಣಗಿಸುವ ಹಗ್ಗ, ಕಸದ ಡಬ್ಬ, ಯಾವುದೋ ಬೇಸಿಗೆಯಲ್ಲಿ ಸತ್ತ ಹೂಕುಂಡ, ವರ್ಷಗಟ್ಟಲೆ ‘ಗ್ರೂಸ್ ಗಾಟ್’ನ ಅಡಿ ಮುಚ್ಚಿಟ್ಟಿದ್ದೆಲ್ಲ ಮೇಲೆ ಬಂತು. ಉಳವಪ್ಪನೂ ತನಗೆ ಗೊತ್ತಿಲ್ಲದಂತೆ ಝೈಡ್ಲರ್ ಮೇಲೆ ಕೂಗಾಡಿದ. ಧಾರವಾಡದ ಗಂಟಲು ಇಷ್ಟು ತಿಂಗಳ ನಂತರ ಪೂರ್ತಿ ತೆರೆದು ಎಷ್ಟು ಹಿತವಾಯಿತೆಂದರೆ, ವ್ಯಾಕರಣ ಕೂಡ ತಪ್ಪಲಿಲ್ಲ.

“ನಿಜವಾಗಿ ತೊಂದರೆ ಆಗಿದ್ದು ಯಾರಿಗೆ?” ಎಂದು ಪೊಲೀಸಮ್ಮ ಕೇಳಿದಳು. ಎಲ್ಲರೂ ಫ್ರಾವ್ ಲೋಹ್ನರ್ ಎಂದರು. ಆಗಲೇ ಗಮನಕ್ಕೆ ಬಂದದ್ದು, ಇಷ್ಟು ಗದ್ದಲದಲ್ಲಿ ಆಕೆಯ ಸ್ವರವೊಂದೇ ಇಲ್ಲ ಎಂದು.

ಕೆಳಗೆ ಹೋದರು. ಆಕೆಯ ಬಾಗಿಲು ಹಾರುಹೊಡೆದಿತ್ತು. ಮೇಜಿನ ಮೇಲೆ ಅಡವೆಂಟಿನ ಮೊದಲ ಮೇಣದಬತ್ತಿ ಒಂದೇ ಉರಿಯುತ್ತಿತ್ತು. ಆಕೆ ಇರಲಿಲ್ಲ. ಉಳವಪ್ಪನಿಗೆ ಈಗ ನೆನಪಾದದ್ದು ಫೆಬ್ರುವರಿಯಲ್ಲ. ಅಯ್ಯೋ, ಏನು ಮಾಡಿಬಿಟ್ಟೆವು ಅನ್ನಿಸಿತು.

ಹುಡುಕಿದವಳು ಪವಿ. ನೆಲಮಾಳಿಗೆಯಲ್ಲಿ, ಸಾಮಾನು ತುಂಬಿದ ತನ್ನ ಪಾಲಿನ ಮೂಲೆಯಲ್ಲಿ ಫ್ರಾವ್ ಲೋಹ್ನರ್ ಒಂದು ಸೇಬಿನ ಪೆಟ್ಟಿಗೆಯ ಮೇಲೆ ಕೂತಿದ್ದರು. ನೈಟಿಯ ಮೇಲೆ ಕೋಟು, ತೊಡೆಯ ಮೇಲೆ ಕೈಚೀಲ, ಕೈಚೀಲದ ಮೇಲೆ ಎರಡೂ ಕೈ. ದೀಪವನ್ನೂ ಹಾಕಿಕೊಂಡಿರಲಿಲ್ಲ.

“ವಿಮಾನ ಅಲ್ಲ ಅಂತ ಗೊತ್ತಿತ್ತು,” ಎಂದರು ಪವಿಗೆ, ತಪ್ಪು ಮಾಡಿದವರ ಹಾಗೆ. “ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ನಲವತ್ತೈದರ ಜನವರಿಯಲ್ಲಿ, ಈ ಊರಿನ ಮೇಲೆ ಬಾಂಬು ಬಿದ್ದಾಗ, ನಾನು ನಿನ್ನಷ್ಟು ದೊಡ್ಡವಳು. ಸೈರನ್ ಆದರೆ ನನಗೆ ಹೆದರಿಕೆ ಇರುತ್ತಿರಲಿಲ್ಲ. ಸೈರನ್ ಆದರೆ ಕೆಲಸ ಇರುತ್ತಿತ್ತು. ಕೋಟು, ಚೀಲ, ತಮ್ಮನ ಕೈ. ಸೈರನ್ ಇಲ್ಲದೆ ಸದ್ದು ಬಂದರೆ ನನಗೆ ಆಗುವುದಿಲ್ಲ.”

ಉಳವಪ್ಪನಿಗೆ ನಾಚಿಕೆಯಾಯಿತು. ಹತ್ತು ತಿಂಗಳು ಈ ಹೆಂಗಸಿನ ನೆತ್ತಿಯ ಮೇಲೆ ಕಳ್ಳಹೆಜ್ಜೆ ಇಟ್ಟಿದ್ದ. ಆಕೆಗೆ ಕಿವಿಯ ಹೊರತು ಬೇರೇನಾದರೂ ಇದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ತನ್ನ ಸೌಜನ್ಯ ಎಂದುಕೊಂಡದ್ದೆಲ್ಲ ಬರೀ ಹೆದರಿಕೆಯಾಗಿತ್ತು.

ಗುರವ್ವ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ಕೈಗೆ ಹಿಟ್ಟು ಮೆತ್ತಿತ್ತು. “ಏನಂತಾಳೋ?”

“ಮೊದ್ಲ ಹೇಳಬೇಕಿತ್ತಂತವ್ವ.”

“ಖರೇ ಐತಿ. ಜಪಾನಿನವರಿಗೆ ಅಂದೆ, ನಾನ ಮಾಡಿದೆ ನೋಡು,” ಎಂದು ಗುರವ್ವ ಆ ಪೆಟ್ಟಿಗೆಯ ಅಂಚಿನಲ್ಲೇ ಜಾಗ ಮಾಡಿಕೊಂಡು ಕೂತಳು. “ಇನ್ನ ಬಡಿಯೂದಿಲ್ಲ ಅಂತ ಹೇಳು ಆಕಿಗೆ.”

ಪವಿ ಹೇಳಿದಳು. ಫ್ರಾವ್ ಲೋಹ್ನರ್ ತಲೆಯಾಡಿಸಿದರು. “ಯಾಕೆ ಬಡಿಯಬಾರದು? ಬಡಿಯಲಿ. ಮೊದಲು ಬಂದು ಹೇಳಿ ಬಡಿಯಲಿ.”

ಅಲ್ಲಿಂದ ಪ್ರತಿ ಭಾನುವಾರ ಗುರವ್ವ ಸೆರಗು ಹೊದ್ದು ಒಂದು ಮಹಡಿ ಇಳಿದು ಬೆಲ್ಲು ಒತ್ತುತ್ತಿದ್ದಳು. “ಬಡೀತೀನ್ರೀ ಯಕ್ಕಾ,” ಅನ್ನುತ್ತಿದ್ದಳು. ಫ್ರಾವ್ ಲೋಹ್ನರ್ ಕೋಟು ಹಾಕಿಕೊಂಡು, ಕೈಚೀಲ ಹತ್ತಿರವಿಟ್ಟುಕೊಂಡು, “ಬಾಡಿ, ಬಾಡಿ,” ಎಂದು ತಮಗೆ ಬಂದ ಕನ್ನಡದಲ್ಲಿ ಅಪ್ಪಣೆ ಕೊಡುತ್ತಿದ್ದರು. ಜನವರಿಯ ಹೊತ್ತಿಗೆ ಕೋಟು ಹಾಕಿಕೊಳ್ಳುವುದನ್ನು ಬಿಟ್ಟಿದ್ದರು. ಝೈಡ್ಲರ್ ಒಬ್ಬರು ಮಾತ್ರ ಯುದ್ಧ ಮುಂದುವರಿಸಿದ್ದರು, ಸೈಕಲ್ಲಿನ ವಿರುದ್ಧ.

ಪವಿ ರೆಫೆರಾಟ್ ಮುಗಿಸಿ ಬಂದಳು. ಅಪ್ಪ ಹೇಳಿಕೊಟ್ಟ ರೇಡಾರು, ಟೈಪು ಎಲ್ಲ ಹೇಳಿದ ಮೇಲೆ ಅವಳು ತಾನೇ ಒಂದು ಸೇರಿಸಿದ್ದಳು. ದಾಳಿಯಾಗಿ ಕೆಲವೇ ದಿನಕ್ಕೆ, ಯಾರೂ ಕೇಳದಿದ್ದರೂ, ಜರ್ಮನಿ ತಾನಾಗಿ ಅಮೆರಿಕದ ಮೇಲೆ ಯುದ್ಧ ಸಾರಿತು. ಅವರು ಹೇಳಿಯೇ ಹೊಡೆದರು. ಅದರಿಂದ ಏನೂ ಒಳ್ಳೆಯದಾಗಲಿಲ್ಲ, ಹೊಡೆಯುವುದಾದರೆ ರೊಟ್ಟಿಯನ್ನಷ್ಟೇ ಹೇಳಿ ಹೊಡೆಯಬೇಕು. ಬರೆದುಕೊಟ್ಟ ಪ್ರತಿಯಲ್ಲಿ ಮೇಷ್ಟ್ರು ಕೊನೆಯ ವಾಕ್ಯಕ್ಕೆ ಕೆಂಪು ಗೆರೆ ಎಳೆದು ‘ವಿಷಯಾಂತರ’ ಎಂದು ಬರೆದಿದ್ದರು.

ಜನವರಿ ಮುಗಿಯುತ್ತ ಗುರವ್ವನ ವೀಸಾ ಮುಗಿಯಿತು. ತಾಯಿಯನ್ನು ವಿಮಾನ ಹತ್ತಿಸಿ ಬಂದ ಉಳವಪ್ಪನಿಗೆ ಸಂಕಟವಾಯಿತು, ಜೊತೆಗೆ ತಣ್ಣಗೆ ಒಂದು ಸಮಾಧಾನವೂ ಆಯಿತು. ಫೆಬ್ರುವರಿ ಬಂದಿತ್ತು. ಕಾಲುಚೀಲಗಳು ಹಿಂದಿರುಗಿದವು, ಚಪಾತಿ ಹಿಂದಿರುಗಿತು, ಉಪ್ಪನ್ನು ಮತ್ತೆ ಗುಟ್ಟಾಗಿ ಕೇಳತೊಡಗಿದರು. ನಾಚಿಕೆಯ ಆಯುಷ್ಯ ಅಷ್ಟೇ.

ಒಂದು ಸಂಜೆ ಡೋರ್ನ್ ಫೋನು ಮಾಡಿದರು. “ಹೆರ್ ಉಳವಪ್ಪ, ಕರಾರಿನ ವಿಷಯ. ಫ್ರಾವ್ ಲೋಹ್ನರ್ ನಿಮ್ಮ ಮೇಲೆ ದೂರು ಕೊಟ್ಟಿದ್ದಾರೆ.”

ಸೌಭಾಗ್ಯ ಉಳವಪ್ಪನ ಮುಖ ನೋಡಿ ಒಲೆ ಆರಿಸಿದಳು.

“ಏನೆಂದು?” ಎಂದ.

“ನನಗೂ ಸರಿಯಾಗಿ ಅರ್ಥವಾಗಲಿಲ್ಲ,” ಎಂದರು ಡೋರ್ನ್. “ಎರಡು ಭಾನುವಾರದಿಂದ ಮೇಲೆ ಸದ್ದೇ ಇಲ್ಲವಂತೆ. ಬೆಳಿಗ್ಗೆ ಎದ್ದು ಬಾಗಿಲ ಬಳಿ ಕಾದು ಕೂತಿದ್ದರಂತೆ. ಅಜ್ಜಿಗೆ ಏನಾಯಿತು, ಇದ್ದಾರೋ ಇಲ್ಲವೋ ಎಂದು ಹೆದರಿಕೆಯಂತೆ. ಶುರುಮಾಡುವಾಗ ಹೇಳುತ್ತಿದ್ದರು, ನಿಲ್ಲಿಸುವಾಗ ಯಾಕೆ ಹೇಳಲಿಲ್ಲ ಎಂದು ಕೇಳುತ್ತಿದ್ದಾರೆ. ಇದನ್ನು ನಾನು ದೂರು ಅಂತ ಬರೆದುಕೊಳ್ಳಲೋ ಬೇಡವೋ?”

“ಬರೆದುಕೊಳ್ಳಿ,” ಎಂದ ಉಳವಪ್ಪ. “ಅದು ನಿಜವಾದ ದೂರು.”

ಕರಾರು ಏನಾಯಿತೆಂದು ಕೇಳುವುದನ್ನು ಮರೆತು ಫೋನಿಟ್ಟ. ಹೊಸ ಕರಾರಿನ ಸಹಿ ಹಾಕಿದ ಪ್ರತಿ ಮುಂದಿನ ವಾರ ಅಂಚೆಯಲ್ಲಿ ಬಂತು. ಆದರೆ ಅದಕ್ಕೆ ಮೊದಲು ಭಾನುವಾರ ಬಂದಿತ್ತು. ಸೌಭಾಗ್ಯ ಹಿಟ್ಟು ನಾದಿ, ಅತ್ತೆ ಬಿಟ್ಟುಹೋದ ಹಲಗೆಯನ್ನು ನೆಲಕ್ಕಿಟ್ಟಳು. ಉಳವಪ್ಪ ಕಾಲುಚೀಲ ಬಿಚ್ಚಿ, ಆಫೀಸಿನ ಬೂಟು ಹಾಕಿಕೊಂಡು, ಪ್ರತಿ ಮೆಟ್ಟಿಲನ್ನೂ ಟಪ್ ಟಪ್ ಎಂದು ತುಳಿಯುತ್ತ ಇಳಿದ. ಬರುತ್ತಿರುವುದು ಕೇಳಲಿ ಎಂದು. ಬೆಲ್ಲು ಒತ್ತುವ ಮೊದಲೇ ಬಾಗಿಲು ತೆರೆಯಿತು. ಫ್ರಾವ್ ಲೋಹ್ನರ್ ಅವನ ಹಿಂದೆ ಮೆಟ್ಟಿಲಿನತ್ತ ಇಣುಕಿ ನೋಡಿದರು, ಇನ್ನೊಬ್ಬರು ಬರುತ್ತಿದ್ದಾರೇನೋ ಎಂಬಂತೆ.

“ಅವ್ವ ಊರಿಗೆ ಹೋದಳು. ಚೆನ್ನಾಗಿದ್ದಾಳೆ,” ಎಂದ ಉಳವಪ್ಪ ಜರ್ಮನ್ನಿನಲ್ಲಿ. ಅವ್ವ ಗಂಡೋ ಹೆಣ್ಣೋ ನಪುಂಸಕವೋ ಎಂದು ಈ ಸಲ ಯೋಚಿಸಲಿಲ್ಲ. “ನಾನು ಹೇಳದೆ ಬಿಟ್ಟೆ. ತಪ್ಪಾಯಿತು.” ಆಮೇಲೆ ಗಂಟಲು ಸರಿಮಾಡಿಕೊಂಡು, ಇಡೀ ಕಟ್ಟಡಕ್ಕೆ ಕೇಳುವಂತೆ, “ಬಡೀತೀವ್ರೀ,” ಎಂದ.